ಪೇಸ್‌ಮೇಕರ್ ಹಾಕಿಸಿಕೊಂಡವರು, ಹಾಕಿಸಿಕೊಳ್ಳಬೇಕಾದವರು ಪದೇ ಪದೇ ಕೇಳುವ ಪ್ರಶ್ನೆಗಳು

ಒಪಿಡಿಯಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಜನ ಹೆದರುವುದು ಮೊಬೈಲಿಗೆ, ಮೈಕ್ರೋವೇವಿಗೆ. ನಿಜವಾದ ತೊಂದರೆ ಬರುವುದು ಬಹುಪಾಲು ವೈರಿನಿಂದ, ಗಾಯದಿಂದ, ತಪ್ಪಿಸಿದ ಚೆಕಪ್‌ನಿಂದ. ಯಾವ ಉತ್ತರ ಉದ್ದ, ಯಾವುದು ಚಿಕ್ಕದು ಎಂಬುದೂ ಅದೇ ಲೆಕ್ಕದಲ್ಲಿದೆ. ಶಾಕ್ ಕೊಟ್ಟು ಹೃದಯವನ್ನು ದಾರಿಗೆ ತರುವ ಐಸಿಡಿ ಬೇರೆಯೇ ಸಾಧನ. ಅದರ ಮಾತು ಬೇಕಾದಲ್ಲಿ ಮಾತ್ರ ಬರುತ್ತದೆ.

## ಮೊದಲ ಸಂಗತಿಗಳು

ಪೇಸ್‌ಮೇಕರ್ ಬೇಕು ಅಂದರೆ ಹೃದಯ ತಾನಾಗಿ ಬಡಿಯೋದು ನಿಂತುಹೋಗಿದೆ ಅಂತಲಾ?

ಅಲ್ಲ. ಬಹುತೇಕರ ಹೃದಯ ತಾನೇ ಬಡಿಯುತ್ತಿರುತ್ತದೆ, ಆದರೆ ತೀರಾ ನಿಧಾನವಾಗಿ, ಇಲ್ಲವೇ ನಡುನಡುವೆ ಮೂರು ನಾಲ್ಕು ಸೆಕೆಂಡು ತಡೆದು ತಡೆದು. ತಲೆ ತಿರುಗಿ ಬೀಳುವುದು ಆ ತಡೆಯ ಹೊತ್ತಿನಲ್ಲಿ. ಪೇಸ್‌ಮೇಕರ್ ಪ್ರತಿ ಬಡಿತವನ್ನೂ ಗಮನಿಸುತ್ತದೆ. ಕೆಳಮಿತಿಯನ್ನು 60ಕ್ಕೆ ಇಟ್ಟಿದ್ದರೆ ಒಂದು ಬಡಿತದ ನಂತರ ಒಂದು ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಹೃದಯದ್ದೇ ಬಡಿತ ಬಂದರೆ ಸುಮ್ಮನಿರುತ್ತದೆ, ಬಾರದಿದ್ದರೆ ಎರಡು ಮೂರು ವೋಲ್ಟಿನ, ಅರ್ಧ ಮಿಲಿಸೆಕೆಂಡಿಗೂ ಕಡಿಮೆ ಹೊತ್ತಿನ ಒಂದು ಮಿಡಿತ ಕೊಡುತ್ತದೆ. ಅದು ರೋಗಿಗೆ ಗೊತ್ತಾಗುವುದಿಲ್ಲ.

ಅತಿ ವೇಗವಾಗಿ ಓಡುವ ಹೃದಯವನ್ನು ನಿಧಾನ ಮಾಡಲು ಸಾಮಾನ್ಯ ಪೇಸ್‌ಮೇಕರ್‌ಗೆ ಬರುವುದಿಲ್ಲ. ಆದ್ದರಿಂದ ಬಡಿತ ಇಳಿಸುವ ಮಾತ್ರೆಗಳು ಮುಂದುವರಿಯಬಹುದು. ಎಷ್ಟೋ ಜನಕ್ಕೆ ಪೇಸ್‌ಮೇಕರ್ ಹಾಕಿದ ಮೇಲಷ್ಟೇ ಆ ಮಾತ್ರೆಗಳನ್ನು ಧೈರ್ಯವಾಗಿ ಕೊಡಲು ಸಾಧ್ಯವಾಗುತ್ತದೆ.

ಅಪ್ಪನಿಗೆ ಹಾರ್ಟ್ ಬ್ಲಾಕ್ ಇದೆ ಅಂದರು. ಆಂಜಿಯೋಗ್ರಾಮ್ ನೋಡಿದರೆ ನಾರ್ಮಲ್. ಸ್ಟೆಂಟ್ ಬೇಡ, ಪೇಸ್‌ಮೇಕರ್ ಹಾಕಬೇಕು ಅಂತಾರೆ. ಏನಿದು?

ಎರಡೂ ಬೇರೆ ಬೇರೆ ಕಾಯಿಲೆ. ಸ್ಟೆಂಟ್ ಹಾಕುವುದು ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಾಗ. ನಿಮ್ಮ ತಂದೆಯವರಿಗೆ ಕಟ್ಟಿರುವುದು ವಿದ್ಯುತ್ ಹರಿಯುವ ದಾರಿ. ಮೇಲಿನ ಕೋಣೆಯ ಸೈನಸ್ ನೋಡ್‌ನಲ್ಲಿ ಹುಟ್ಟಿದ ಸಂಕೇತ ಎವಿ ನೋಡ್ ದಾಟಿ ಕೆಳಗಿನ ಕೋಣೆಗಳಿಗೆ ಇಳಿಯಬೇಕು. ಅದು ಪೂರ್ತಿ ನಿಂತರೆ ಕೆಳಗಿನ ಕೋಣೆಗಳು ತಮ್ಮಷ್ಟಕ್ಕೆ ನಿಮಿಷಕ್ಕೆ 30–40ರ ಲೆಕ್ಕದಲ್ಲಿ ಬಡಿಯುತ್ತವೆ. ಇದಕ್ಕೆ ಕಂಪ್ಲೀಟ್ ಹಾರ್ಟ್ ಬ್ಲಾಕ್ ಎನ್ನುತ್ತಾರೆ, ಮಾತ್ರೆಯಲ್ಲಿ ಗುಣವಾಗುವಂಥದ್ದಲ್ಲ. ವಯಸ್ಸಿನಿಂದ ಆ ದಾರಿ ಗಟ್ಟಿಯಾಗುವುದೇ ಸಾಮಾನ್ಯ ಕಾರಣ.

ಆದರೂ ಪೇಸ್‌ಮೇಕರ್‌ಗೆ ಒಪ್ಪುವ ಮುನ್ನ ಮೂರು ವಿಷಯ ಕೇಳಿ: ಬಡಿತ ಇಳಿಸುವ ಮಾತ್ರೆಗಳು, ಅಂದರೆ ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್ ತರಹದವು ನಡೆಯುತ್ತಿವೆಯೇ? ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ? ಥೈರಾಯ್ಡ್ ನೋಡಿದ್ದಾರೆಯೇ? ಈ ಮೂರರಿಂದ ನಿಧಾನವಾದ ಬಡಿತ ಕಾರಣ ಸರಿಹೋದರೆ ತಾನೇ ಸರಿಹೋಗಬಹುದು.

ಒಳಗೆ ಇಡೋದು ಯಾವ ಲೋಹ? ಮೈಗೆ ಒಗ್ಗದೆ ಹೋದರೆ?

ಪೆಟ್ಟಿಗೆ ಟೈಟಾನಿಯಂನದು. ತೂಕ ಸುಮಾರು 25–30 ಗ್ರಾಂ, ದಪ್ಪ ಒಂದು ಸೆಂಟಿಮೀಟರಿಗಿಂತ ಕಡಿಮೆ. ಒಳಗಿನ ಜಾಗದಲ್ಲಿ ಅರ್ಧಕ್ಕೂ ಹೆಚ್ಚನ್ನು ಬ್ಯಾಟರಿಯೇ ತಿನ್ನುತ್ತದೆ. ಟೈಟಾನಿಯಂನ ಮೇಲ್ಮೈಯಲ್ಲಿ ತೆಳುವಾದ ಆಕ್ಸೈಡ್ ಪದರ ಕೂತು ತುಕ್ಕು ಹಿಡಿಯದಂತೆ ಕಾಯುತ್ತದೆ. ಅಲರ್ಜಿ ತೀರಾ ಅಪರೂಪ.

ಗಮನವಿಡಬೇಕಾದ ಭಾಗ ಲೀಡ್, ಜನ ವೈರ್ ಎನ್ನುವುದು. ಅರ್ಧ ಮೀಟರಿಗೆ ತುಸು ಹೆಚ್ಚು ಉದ್ದ, ಸುಮಾರು 2 ಮಿಲಿಮೀಟರ್ ದಪ್ಪ. ನಡುವೆ ನಿಕಲ್-ಕೋಬಾಲ್ಟ್ ಮಿಶ್ರಲೋಹದ ಸುರುಳಿ, ಮೇಲೆ ಸಿಲಿಕೋನ್ ಅಥವಾ ಪಾಲಿಯುರಿಥೇನ್ ಹೊದಿಕೆ, ತುದಿಯಲ್ಲಿ ಪ್ಲಾಟಿನಂ-ಇರಿಡಿಯಂ. ತುದಿಯೊಳಗೆ ಒಂದು ಮಿಲಿಗ್ರಾಂಗೂ ಕಡಿಮೆ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಇರುತ್ತದೆ. ತುದಿ ಚುಚ್ಚಿದ ಜಾಗ ಮೊದಲ ವಾರಗಳಲ್ಲಿ ಬಾತುಕೊಂಡರೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ, ಆ ಬಾವು ಏರದಂತೆ ಔಷಧಿ ನಿಧಾನವಾಗಿ ಇಳಿಯುತ್ತದೆ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ, ಪ್ರತಿ ಸಲವೂ ಈ ವೈರ್ ಬಳುಕುತ್ತದೆ. ಹತ್ತು ವರ್ಷಕ್ಕೆ ಮೂವತ್ತಾರು ಕೋಟಿ ಸಲ. ಪೆಟ್ಟಿಗೆಗಿಂತ ವೈರ್ ಮೊದಲು ಸೋಲುವುದರಲ್ಲಿ ಆಶ್ಚರ್ಯವೇನಿಲ್ಲ.

ಸಿಂಗಲ್ ಚೇಂಬರ್ ಸಾಕಾ, ಡಬಲ್ ಚೇಂಬರ್ ಹಾಕಿಸಲೇಬೇಕಾ? ದುಡ್ಡಿಗೋಸ್ಕರ ಹೇಳ್ತಾ ಇದ್ದಾರಾ?

ಮೇಲಿನ ಕೋಣೆ, ಅಂದರೆ ಹೃತ್ಕರ್ಣ, ಕ್ರಮವಾಗಿ ಬಡಿಯುತ್ತಿದ್ದರೆ ಡಬಲ್ ಚೇಂಬರ್‌ಗೆ ಅರ್ಥವಿದೆ. ಒಂದು ವೈರ್ ಮೇಲೆ, ಒಂದು ಕೆಳಗೆ ಇದ್ದು ಎರಡನ್ನೂ ಸರದಿಯಲ್ಲಿ ನಡೆಸುತ್ತದೆ. ಅಂಥವರಿಗೆ ಕೆಳಗೆ ಒಂದೇ ವೈರ್ ಹಾಕಿದರೆ ಕೆಲವರಲ್ಲಿ ಮೇಲಿನ ಕೋಣೆ ಮುಚ್ಚಿದ ಕವಾಟದ ವಿರುದ್ಧ ಹಿಂಡುತ್ತದೆ: ಕುತ್ತಿಗೆಯಲ್ಲಿ ಬಡಿದಂತಾಗುವುದು, ಆಯಾಸ, ತಲೆಸುತ್ತು. ಇದನ್ನು ಪೇಸ್‌ಮೇಕರ್ ಸಿಂಡ್ರೋಮ್ ಎನ್ನುತ್ತಾರೆ. ಮೇಲಿನ ಕೋಣೆ ಕಾಯಂ ಆಗಿ ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ನಡುಗುತ್ತಿದ್ದರೆ ಅಲ್ಲಿ ವೈರ್ ಹಾಕಿ ಲಾಭವಿಲ್ಲ, ಸಿಂಗಲ್ ಸಾಕು. ಹಾಸಿಗೆ ಹಿಡಿದಿರುವ, ಬೇರೆ ದೊಡ್ಡ ಕಾಯಿಲೆಗಳಿರುವ ಹಿರಿಯರಿಗೂ ಸಿಂಗಲ್ ಹಾಕುವುದುಂಟು. "ಮೇಲಿನ ಕೋಣೆ ಕ್ರಮವಾಗಿ ಬಡಿಯುತ್ತಿದೆಯೇ?" ಎಂದು ನೇರವಾಗಿ ಕೇಳಿ. ಉತ್ತರದಲ್ಲೇ ನಿರ್ಧಾರ ಇರುತ್ತದೆ.

ಪೇಸ್‌ಮೇಕರ್ ಜೊತೆ ಕೊಡುವ ಗುರುತಿನ ಕಾರ್ಡಿನಲ್ಲಿ ವಿವಿಐ, ಡಿಡಿಡಿಆರ್ ಎಂದಿರುತ್ತದೆ. ಮೊದಲ ಅಕ್ಷರ ಯಾವ ಕೋಣೆಗೆ ಮಿಡಿತ ಕೊಡುತ್ತದೆ, ಎರಡನೆಯದು ಯಾವ ಕೋಣೆಯನ್ನು ಗಮನಿಸುತ್ತದೆ, ಮೂರನೆಯದು ಗಮನಿಸಿ ಏನು ಮಾಡುತ್ತದೆ ಎಂದು ಹೇಳುತ್ತದೆ. ಕೊನೆಯ ಆರ್ ಇದ್ದರೆ ಓಡಾಟಕ್ಕೆ ತಕ್ಕಂತೆ ವೇಗ ಏರಿಸುತ್ತದೆ.

ಬಿಪಿಎಲ್ ಕಾರ್ಡ್ ಇದ್ದರೆ ಖರ್ಚು ಸಿಗುತ್ತಾ?

ಪೇಸ್‌ಮೇಕರ್ ಅಳವಡಿಕೆ ಆಯುಷ್ಮಾನ್ ಭಾರತ್ ಯೋಜನೆಯ ಪಟ್ಟಿಯಲ್ಲಿದೆ. ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು ನೆರವು. ತುರ್ತು ಇಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಅದಿಲ್ಲದೆ ದಾಖಲಾಗಿ ಆಮೇಲೆ ಒದ್ದಾಡುವವರೇ ಹೆಚ್ಚು. ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವದಲ್ಲಿ ಈ ಕೆಲಸ ನಿತ್ಯ ನಡೆಯುತ್ತದೆ.

ಸ್ಟೆಂಟ್‌ಗೆ 2017ರಲ್ಲಿ ಗರಿಷ್ಠ ದರ ಕಟ್ಟಿದಂತೆ ಪೇಸ್‌ಮೇಕರ್‌ಗೆ ಕಟ್ಟಿಲ್ಲ. ಹಾಗಾಗಿ ಮಾಡೆಲ್ ಹೆಸರು ಬರೆಸಿಕೊಂಡು ಎಂಆರ್‌ಪಿ ಕೇಳಿ. ಬಿಲ್ಲಿನ ಜೊತೆ ಪೆಟ್ಟಿಗೆಯ, ಲೀಡ್‌ಗಳ ಸ್ಟಿಕ್ಕರ್‌ಗಳನ್ನೂ ಪಡೆಯಿರಿ.

## ಆಪರೇಷನ್ ಮತ್ತು ಮೊದಲ ಆರು ವಾರ

ಎದೆ ಸೀಳ್ತಾರಾ? ಪೂರ್ತಿ ಮತ್ತು ಬರಿಸ್ತಾರಾ?

ಎರಡೂ ಇಲ್ಲ. ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಾಮಾನ್ಯವಾಗಿ ಎಡ ಕಾಲರ್ ಬೋನ್ ಕೆಳಗೆ ನಾಲ್ಕೈದು ಸೆಂಟಿಮೀಟರ್ ಕೊಯ್ಯುತ್ತಾರೆ. ಅಲ್ಲಿನ ರಕ್ತನಾಳದ ಮೂಲಕ ಎಕ್ಸ್‌ರೇ ಪರದೆ ನೋಡುತ್ತಾ ಲೀಡನ್ನು ಹೃದಯದ ಬಲಭಾಗಕ್ಕೆ ಇಳಿಸುತ್ತಾರೆ. ತುದಿಯಲ್ಲಿ ಪುಟ್ಟ ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿ ಸ್ನಾಯುವಿಗೆ ಕಚ್ಚಿಸುತ್ತಾರೆ. ಆಮೇಲೆ ಅಳತೆ: ಹೃದಯದ ಸ್ವಂತ ಸಂಕೇತ ಕೆಳಗಿನ ಕೋಣೆಯಲ್ಲಿ 5 ಮಿಲಿವೋಲ್ಟಿಗಿಂತ ಹೆಚ್ಚು ಸಿಗಬೇಕು, 1 ವೋಲ್ಟಿಗಿಂತ ಕಡಿಮೆಯಲ್ಲೇ ಹೃದಯ ಬಡಿಯಬೇಕು. ಸಿಗದಿದ್ದರೆ ಸ್ಕ್ರೂ ಬಿಚ್ಚಿ ಬೇರೆ ಜಾಗ ಹುಡುಕುತ್ತಾರೆ. ಕೆಮ್ಮಿ, ಜೋರಾಗಿ ಉಸಿರೆಳೆಯಿರಿ ಎನ್ನುವುದು ಲೀಡ್ ಅಲ್ಲಾಡದೆ ನಿಲ್ಲುತ್ತದೆಯೇ ಎಂದು ನೋಡಲು. ಚರ್ಮದ ಕೆಳಗೆ ಮಾಡಿದ ಜೇಬಿನಂಥ ಜಾಗದಲ್ಲಿ ಪೆಟ್ಟಿಗೆ ಇಟ್ಟು ಹೊಲಿದರೆ ಮುಗಿಯಿತು. ಎಲ್ಲ ಸೇರಿ ಒಂದರಿಂದ ಎರಡು ಗಂಟೆ.

ಕೊಯ್ಯುವ ಮೊದಲಿನ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ರಕ್ತಕ್ಕೆ ಹೋಗಿರಬೇಕು. ಸೋಂಕು ತಡೆಯುವುದರಲ್ಲಿ ಇದರಷ್ಟು ಕೆಲಸಕ್ಕೆ ಬರುವುದು ಇನ್ನೊಂದಿಲ್ಲ. ಮನೆಯಲ್ಲೇ ರೇಜರ್‌ನಿಂದ ಎದೆ ಬೋಳಿಸಿಕೊಂಡು ಬರಬೇಡಿ, ಕಣ್ಣಿಗೆ ಕಾಣದ ಗೀರುಗಳೇ ಸೋಂಕಿಗೆ ದಾರಿ. ಮರುದಿನದ ಎಕ್ಸ್‌ರೇ ಎರಡು ಕೆಲಸಕ್ಕೆ: ಲೀಡ್ ಇಟ್ಟಲ್ಲೇ ಇದೆಯೇ, ಸೂಜಿ ಶ್ವಾಸಕೋಶಕ್ಕೆ ತಾಗಿ ಗಾಳಿ ಸೋರಿದೆಯೇ.

ರಕ್ತ ತೆಳು ಮಾಡೋ ಮಾತ್ರೆ ನಿಲ್ಲಿಸಿ ಬರಬೇಕಾ?

ನೀವಾಗಿ ನಿಲ್ಲಿಸಬೇಡಿ. ವಾರ್ಫರಿನ್ ನಿಲ್ಲಿಸಿ ಹೆಪಾರಿನ್ ಇಂಜೆಕ್ಷನ್ ಕೊಡುವ ಹಳೆಯ ಪದ್ಧತಿಯಲ್ಲೇ ಪೆಟ್ಟಿಗೆಯ ಜಾಗದಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚೆಂದು ಗೊತ್ತಾಗಿದೆ. ಈಗ ಐಎನ್ಆರ್, ಅಂದರೆ ರಕ್ತ ಎಷ್ಟು ತೆಳುವಾಗಿದೆ ಎಂಬ ಅಳತೆ, ಮಿತಿಯಲ್ಲಿದ್ದರೆ ಮಾತ್ರೆ ನಡೆಯುತ್ತಿರುವಾಗಲೇ ಮಾಡುತ್ತಾರೆ. ಹೊಸ ಬಗೆಯ ಮಾತ್ರೆಗಳ ಲೆಕ್ಕ ಬೇರೆ. ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು ಕ್ಲೊಪಿಡೊಗ್ರೆಲ್ ಬಿಟ್ಟರೆ ಸ್ಟೆಂಟೇ ಕಟ್ಟಿಕೊಳ್ಳಬಹುದು. ಮಾತ್ರೆಗಳ ಚೀಟಿಯನ್ನೇ ಕೈಯಲ್ಲಿ ಹಿಡಿದು ಬನ್ನಿ.

ಕೈ ಎತ್ತಬೇಡಿ ಅಂದರು. ಎಷ್ಟು ದಿನ? ತಲೆ ಬಾಚೋದು ಹೇಗೆ, ಸೀರೆ ಉಡೋದು ಹೇಗೆ?

ನಾಲ್ಕರಿಂದ ಆರು ವಾರ. ಲೀಡಿನ ತುದಿಯ ಸುತ್ತ ಗಾಯ ಮಾಗಿ ಹಿಡಿದುಕೊಳ್ಳಲು ಬೇಕಾದ ಸಮಯ ಅದು. ಆ ಬದಿಯ ಮೊಣಕೈ ಭುಜಕ್ಕಿಂತ ಮೇಲೆ ಹೋಗಬಾರದು, ನಾಲ್ಕೈದು ಕಿಲೋಗಿಂತ ಭಾರ ಎತ್ತಬಾರದು. ಬಾವಿಯಿಂದ ನೀರು ಸೇದುವುದು, ಹಗ್ಗಕ್ಕೆ ಬಟ್ಟೆ ಹರವುವುದು, ಅಟ್ಟದಿಂದ ಡಬ್ಬ ಇಳಿಸುವುದು, ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನೇತಾಡುವುದು ಬೇಡ. ತಲೆ ಬಾಚುವಾಗ ಕೈ ಏರಿಸುವ ಬದಲು ತಲೆ ತಗ್ಗಿಸಿ. ಸೆರಗು ಹೊದೆಯುವಾಗ ಇನ್ನೊಂದು ಕೈಯಿಂದ ಹಾಕಿ ಪಿನ್ ಮಾಡಿ.

ಹೆದರಿ ಕೈಯನ್ನು ಎದೆಗೆ ಕಟ್ಟಿಕೊಂಡು ಕೂರುವುದೂ ತಪ್ಪು. ಎರಡು ಮೂರು ವಾರ ಅಲ್ಲಾಡಿಸದಿದ್ದರೆ ಭುಜ ಬಿಗಿದುಕೊಳ್ಳುತ್ತದೆ, ಅದನ್ನು ಬಿಡಿಸಲು ತಿಂಗಳುಗಟ್ಟಲೆ ವ್ಯಾಯಾಮ ಬೇಕು. ಮರುದಿನದಿಂದಲೇ ಬೆರಳು, ಮಣಿಕಟ್ಟು, ಮೊಣಕೈ ಮಡಚಿ ಬಿಡಿಸಿ. ಭುಜವನ್ನು ಸೊಂಟದ ಮಟ್ಟದಲ್ಲಿ ಹಿಂದೆ ಮುಂದೆ ಆಡಿಸಿ. ಊಟ, ಬರವಣಿಗೆ, ಗುಂಡಿ ಹಾಕುವುದು ಎಲ್ಲ ಮಾಡಬಹುದು. ಬೈಕ್, ಸ್ಕೂಟರ್ ಆರು ವಾರದ ನಂತರ.

ಗಾಯದ ಜಾಗ ಉಬ್ಬಿದೆ. ಹಳ್ಳಿ ಡಾಕ್ಟ್ರು ಸೂಜಿ ಹಾಕಿ ನೀರು ತೆಗೀತೀನಿ ಅಂತಾರೆ. ತೆಗೆಸಲಾ?

ಬೇಡವೇ ಬೇಡ. ಮೊದಲ ವಾರ ಸ್ವಲ್ಪ ಉಬ್ಬು, ನೀಲಿ ಬಣ್ಣ ಸಹಜ. ಬಹುಪಾಲು ಅದು ಹೆಪ್ಪುಗಟ್ಟಿದ ರಕ್ತ, ತಾನೇ ಕರಗುತ್ತದೆ. ಸೂಜಿ ಹಾಕಿದರೆ ಹೊರಗಿನ ರೋಗಾಣು ನೇರ ಪೆಟ್ಟಿಗೆಯ ಮೇಲೆ ಕೂರುತ್ತದೆ. ಲೋಹ, ಸಿಲಿಕೋನ್ ಮೇಲೆ ಒಮ್ಮೆ ಪದರ ಕಟ್ಟಿಕೊಂಡ ರೋಗಾಣುವಿಗೆ ಔಷಧಿ ತಟ್ಟುವುದಿಲ್ಲ. ಉಬ್ಬು ದಿನದಿನಕ್ಕೆ ಬೆಳೆದು ಚರ್ಮ ಬಿಗಿದು ಹೊಳೆಯತೊಡಗಿದರೆ, ಹೊಲಿಗೆಯಿಂದ ಏನಾದರೂ ಒಸರಿದರೆ, ಜ್ವರ ಬಂದರೆ, ಹಾಕಿದ ಆಸ್ಪತ್ರೆಗೇ ಹೋಗಿ.

ಗಾಯ ಪೂರ್ತಿ ಒಣಗುವವರೆಗೆ, ಸಾಮಾನ್ಯವಾಗಿ ಏಳರಿಂದ ಹತ್ತು ದಿನ, ನೀರು ತಾಗಿಸಬೇಡಿ. ಎಣ್ಣೆ ಸ್ನಾನ, ಅರಿಶಿನದ ಲೇಪ, ಸೊಪ್ಪಿನ ರಸ ಯಾವುದೂ ಗಾಯದ ಮೇಲೆ ಬೇಡ.

ಹಾಕಿಸಿಕೊಂಡ ಮೇಲೆ ಬಿಕ್ಕಳಿಕೆ ನಿಲ್ತಾನೇ ಇಲ್ಲ. ಸಂಬಂಧ ಇದೆಯಾ?

ಇರಬಹುದು. ಬಿಕ್ಕಳಿಕೆ ನಾಡಿಯ ತಾಳಕ್ಕೆ ಸರಿಯಾಗಿ ಬರುತ್ತಿದ್ದರೆ ಮಿಡಿತ ವಪೆಯನ್ನೋ (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಅದರ ನರವನ್ನೋ ತಟ್ಟುತ್ತಿದೆ ಎಂದರ್ಥ. ವೋಲ್ಟೇಜ್ ಇಳಿಸಿದರೆ ಕೆಲವೊಮ್ಮೆ ನಿಲ್ಲುತ್ತದೆ. ಲೀಡ್ ಸರಿದಿದ್ದರೆ, ಅಪರೂಪಕ್ಕೆ ಹೃದಯದ ಗೋಡೆ ತೂರಿದ್ದರೆ ಮತ್ತೆ ಕೂರಿಸಬೇಕು. ಅದೇ ಹೊತ್ತಿಗೆ ತಲೆಸುತ್ತು, ಎದೆನೋವು ಇದ್ದರೆ ಬೆಳಗಿನವರೆಗೆ ಕಾಯಬೇಡಿ.

## ಮನೆ, ತೋಟ, ದಾರಿ

ಮೊಬೈಲ್, ಮೈಕ್ರೋವೇವ್, ಇಂಡಕ್ಷನ್ ಒಲೆ... ಏನೂ ಮುಟ್ಟಬಾರದಾ?

ಮೈಕ್ರೋವೇವ್, ಟಿವಿ, ಫ್ರಿಜ್, ವಾಷಿಂಗ್ ಮೆಷಿನ್‌ಗೆ ಹೆದರಬೇಕಿಲ್ಲ. ಮಿಕ್ಸಿ, ಗ್ರೈಂಡರ್ ಬಳಸಬಹುದು, ಎದೆಗೆ ಒತ್ತಿಕೊಂಡು ನಿಲ್ಲದಿದ್ದರೆ ಸರಿ. ಮೊಬೈಲ್ ಪೆಟ್ಟಿಗೆಯಿಂದ 15 ಸೆಂಟಿಮೀಟರ್ ದೂರ ಇರಲಿ: ಇನ್ನೊಂದು ಬದಿಯ ಕಿವಿಗೆ ಹಿಡಿಯಿರಿ, ಅಂಗಿಯ ಎದೆಜೇಬಿನಲ್ಲಿ ಇಡಬೇಡಿ. ಬೆನ್ನಿನಲ್ಲಿ ಆಯಸ್ಕಾಂತ ಇರುವ ಫೋನ್‌ಗಳು, ಆಯಸ್ಕಾಂತದ ಗುಂಡಿಯ ಫೋನ್ ಕವರ್‌ಗಳಿಗೆ ಈ ಮಾತು ಇನ್ನೂ ಹೆಚ್ಚು. ಇಂಡಕ್ಷನ್ ಒಲೆಯಿಂದ ಎದೆ 60 ಸೆಂಟಿಮೀಟರ್, ಅಂದರೆ ಎರಡು ಅಡಿ ದೂರ ಇರಬೇಕೆನ್ನುತ್ತಾರೆ. ನಿಂತು ಒಗ್ಗರಣೆ ಹಾಕುವವರಿಗೆ ಇದು ಕಷ್ಟ, ನಿತ್ಯ ಅಡುಗೆ ಮಾಡುವವರಾದರೆ ಗ್ಯಾಸ್ ಒಲೆಯೇ ವಾಸಿ. ಮೈಯ ಕೊಬ್ಬು ಅಳೆಯುವ ತೂಕದ ಯಂತ್ರ ದೇಹದೊಳಗೆ ಸಣ್ಣ ವಿದ್ಯುತ್ ಹರಿಸುತ್ತದೆ, ಅದು ಬೇಡ. ಆಯಸ್ಕಾಂತದ ಹಾಸಿಗೆ, ಆಯಸ್ಕಾಂತದ ಸರವೂ ಬೇಡ.

ತೋಟದ ಕೆಲಸ ಮಾಡಬಹುದಾ? ಕಳೆ ಕತ್ತರಿಸೋ ಮೆಷಿನ್, ಮೋಟಾರು, ಕರೆಂಟ್ ಬೇಲಿ?

ಆರು ವಾರ ಕಳೆದ ಮೇಲೆ ಹೆಚ್ಚಿನ ಕೆಲಸ ಮಾಡಬಹುದು. ಪೆಟ್ರೋಲ್ ಎಂಜಿನ್‌ಗಳಲ್ಲಿ ಗಮನಿಸಬೇಕಾದ್ದು ಸ್ಪಾರ್ಕ್ ಪ್ಲಗ್ ಮತ್ತು ಅದರ ಕಾಯಿಲ್: ಓಡುತ್ತಿರುವಾಗ ಪೆಟ್ಟಿಗೆಯಿಂದ 30 ಸೆಂಟಿಮೀಟರ್ ದೂರ ಇರಬೇಕು. ಬೆನ್ನಿಗೆ ಏರಿಸುವ ಕಳೆ ಕತ್ತರಿಸುವ ಯಂತ್ರದಲ್ಲಿ ಎಂಜಿನ್ ಹತ್ತಿರವಾಗುವುದರ ಜೊತೆಗೆ ಪಟ್ಟಿ ಸರಿಯಾಗಿ ಪೆಟ್ಟಿಗೆಯ ಮೇಲೇ ಕೂರುತ್ತದೆ. ದಿನವಿಡೀ ಉಜ್ಜಿದರೆ ಚರ್ಮ ತೆಳುವಾಗುತ್ತದೆ. ಔಷಧಿ ಹೊಡೆಯುವ ಕ್ಯಾನಿನ ಪಟ್ಟಿಗೂ ಇದೇ ಮಾತು. ಇಂಥ ಕೆಲಸವೇ ಬದುಕಾಗಿದ್ದರೆ ಆಪರೇಷನ್‌ಗೆ ಮೊದಲೇ ಹೇಳಿ. ಯಾವ ಬದಿ, ಎಷ್ಟು ಆಳದಲ್ಲಿ ಇಡಬೇಕೆಂದು ಯೋಚಿಸಲು ಅವಕಾಶವಿರುತ್ತದೆ. ಬಂದೂಕು ಇರುವವರೂ ಯಾವ ಭುಜಕ್ಕೆ ಆನಿಸುತ್ತೀರಿ ಎಂದು ತಿಳಿಸಬೇಕು.

ಪಂಪ್‌ಸೆಟ್ ಹಾಕಬಹುದು, ಆದರೆ ಅರ್ಥಿಂಗ್ ಸರಿಯಿರಬೇಕು. ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಿದಾಗ ಜುಂ ಎನ್ನುವ ಸಣ್ಣ ಸೋರಿಕೆ ಬೇರೆಯವರಿಗೆ ತಮಾಷೆ. ಪೇಸ್‌ಮೇಕರ್ ಅದನ್ನು ಹೃದಯದ ಬಡಿತ ಎಂದು ತಿಳಿದು ತಾನು ಸುಮ್ಮನಾಗಬಹುದು. ಸೋಲಾರ್ ಬೇಲಿಯ ಝಟ್ಕಾ ತಂತಿ ಮುಟ್ಟುವ ಹಾಗೇ ಇಲ್ಲ. ಆರ್ಕ್ ವೆಲ್ಡಿಂಗ್ ವೃತ್ತಿಯವರು ಆಂಪೇರ್ ಎಷ್ಟೆಂದು ವೈದ್ಯರಿಗೆ ಹೇಳಿ. 160ಕ್ಕಿಂತ ಹೆಚ್ಚು ಬೇಡ ಎಂಬುದು ತಯಾರಕರು ಹಾಕಿರುವ ಸಾಮಾನ್ಯ ಗೆರೆ. ಅದಕ್ಕಿಂತ ಕಡಿಮೆಯಲ್ಲೂ ಕೇಬಲ್ ಭುಜದ ಮೇಲೆ ಹಾಕಿಕೊಳ್ಳಬಾರದು.

ಮೆಟ್ರೋ, ಏರ್‌ಪೋರ್ಟ್ ಚೆಕಿಂಗ್?

ಬಾಗಿಲಿನಂಥ ಚೌಕಟ್ಟಿನ ಮೂಲಕ ಮಾಮೂಲಿ ನಡಿಗೆಯಲ್ಲಿ ದಾಟಿ, ಅದಕ್ಕೆ ಒರಗಿ ನಿಲ್ಲಬೇಡಿ. ಬೀಪ್ ಆಗಬಹುದು, ಆಗಲಿ. ಕೈಯಲ್ಲಿ ಹಿಡಿಯುವ ಡಿಟೆಕ್ಟರ್ ಎದೆಯ ಮೇಲೆ ತಡೆದು ನಿಲ್ಲಬಾರದು. ಕಾರ್ಡ್ ತೋರಿಸಿ ಕೈಯಿಂದ ತಪಾಸಣೆ ಮಾಡಿ ಎಂದು ಕೇಳಿ.

ನಾಡಿ ಎಷ್ಟಿರಬೇಕು? ಮನೇಲಿ ನೋಡಿದರೆ ಒಮ್ಮೆ 42, ಒಮ್ಮೆ 95 ತೋರಿಸ್ತದೆ.

ಮೊದಲು ಪೂರ್ತಿ ಒಂದು ನಿಮಿಷ ಬೆರಳಿಟ್ಟು ಎಣಿಸಿ. ಬಿಪಿ ಯಂತ್ರ, ಬೆರಳಿಗೆ ಹಾಕುವ ಆಕ್ಸಿಮೀಟರ್ ಅವಧಿಗೆ ಮುನ್ನ ಬರುವ ದುರ್ಬಲ ಬಡಿತಗಳನ್ನು ಬಿಟ್ಟು ಅರ್ಧ ಲೆಕ್ಕ ತೋರಿಸುವುದುಂಟು. ರಾತ್ರಿಗೆ ಕೆಳಮಿತಿ 50ಕ್ಕೆ ಇಳಿಯುವಂತೆ ಇಟ್ಟಿರಲೂಬಹುದು. ಎಚ್ಚರವಾಗಿ ಕೂತಿರುವಾಗಲೂ ಕಾರ್ಡಿನಲ್ಲಿರುವ ಕೆಳಮಿತಿಗಿಂತ ಹತ್ತು ಕಡಿಮೆ ಸತತವಾಗಿ ಇದ್ದರೆ, ಅದರ ಜೊತೆ ತಲೆಸುತ್ತು ಇದ್ದರೆ, ಅಂದೇ ಇಸಿಜಿ ಮಾಡಿಸಿ.

95ಕ್ಕೆ ಏರಿದ್ದು ಮೇಲೆ ಹೇಳಿದ ಆರ್ ಅಕ್ಷರದ ಕೆಲಸವಿರಬಹುದು. ಪೆಟ್ಟಿಗೆಯಲ್ಲಿ ಅಲುಗಾಟ ಗುರುತಿಸುವ ಸೆನ್ಸರ್ ಇರುತ್ತದೆ. ನಡೆದರೆ ಬಡಿತ ಏರಿಸುತ್ತದೆ, ಸರಿ. ಗುಂಡಿ ಬಿದ್ದ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತರೂ ಕೆಲವು ಏರಿಸುತ್ತವೆ. ಎದೆ ಅಲ್ಲಾಡದ ಜಿಮ್ ಸೈಕಲ್ ತುಳಿದರೆ ಏರುವುದೇ ಇಲ್ಲ. ಮೆಟ್ಟಿಲು ಹತ್ತುವಾಗಿಗಿಂತ ಇಳಿಯುವಾಗ ಹೆಚ್ಚು ಏರುವುದೂ ಇದೇ ಕಾರಣಕ್ಕೆ. ತೊಂದರೆ ಎನಿಸಿದರೆ ಅದರ ಚುರುಕುತನವನ್ನು ಹೊರಗಿನಿಂದಲೇ ಸೆಟಿಂಗ್ ಬದಲಿಸುವ ಯಂತ್ರವಾದ ಪ್ರೋಗ್ರಾಮರ್‌ನಲ್ಲಿ ಬದಲಿಸಬಹುದು.

## ಬೇರೆ ಚಿಕಿತ್ಸೆ ಬೇಕಾದಾಗ

ಎಂಆರ್‌ಐ ಮಾಡಿಸಬಹುದಾ? ಸ್ಕ್ಯಾನ್ ಸೆಂಟರಿನವರು ಒಲ್ಲೆ ಅಂತಾರೆ.

2010ರ ಸುಮಾರಿನಿಂದೀಚೆಗೆ ಎಂಆರ್‌ಐಗೆ ಹೊಂದುವ ಪೇಸ್‌ಮೇಕರ್‌ಗಳು ಬಂದಿವೆ. ಆದರೆ ಪೆಟ್ಟಿಗೆ ಹೊಂದಿದರೆ ಸಾಲದು, ಲೀಡ್‌ಗಳೂ ಹೊಂದಬೇಕು. ಬ್ಯಾಟರಿ ಬದಲಾಯಿಸುವಾಗ ಹೊಸ ಪೆಟ್ಟಿಗೆಗೆ ಹಳೆಯ ಲೀಡನ್ನೇ ಸೇರಿಸಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಒಳಗೆ ಬಿಟ್ಟುಹೋದ ನಿರುಪಯುಕ್ತ ಲೀಡ್ ಇದ್ದರೆ ಅದರ ತುದಿ ಬಿಸಿಯಾಗಬಹುದು. ಅಳವಡಿಸಿ ಆರು ವಾರ ಕಳೆದಿರಬೇಕು ಎಂಬುದು ಹೆಚ್ಚಿನ ಮಾಡೆಲ್‌ಗಳ ಷರತ್ತು.

ಸ್ಕ್ಯಾನ್ ದಿನ ಪ್ರೋಗ್ರಾಮರ್ ತರುವ ತಂತ್ರಜ್ಞರು ಮೊದಲು ಅಳತೆ ನೋಡಿ ಎಂಆರ್‌ಐ ಮೋಡ್‌ಗೆ ಹಾಕುತ್ತಾರೆ. ಪೂರ್ತಿ ಹೊತ್ತು ಇಸಿಜಿ, ಆಕ್ಸಿಮೀಟರ್ ಓಡುತ್ತಿರಬೇಕು. ಮುಗಿದ ಮೇಲೆ ಹಳೆಯ ಸೆಟಿಂಗ್‌ಗೆ ತಂದು ಮತ್ತೆ ಅಳತೆ ನೋಡಬೇಕು. ಈ ಕೊನೆಯ ಹಂತ ಮರೆತು ರೋಗಿ ಮನೆಗೆ ಹೋದರೆ ಹೃದಯದ ಸ್ವಂತ ಬಡಿತ ಲೆಕ್ಕಿಸದೆ ಮಿಡಿತ ಕೊಡುವ ಸ್ಥಿತಿಯಲ್ಲೇ ಅದು ಉಳಿದುಬಿಡಬಹುದು. "ವಾಪಸ್ ಹಾಕಿದ್ರಾ?" ಎಂದು ಕೇಳಿಯೇ ಹೊರಡಿ. ಸಿಟಿ ಸ್ಕ್ಯಾನ್, ಎಕ್ಸ್‌ರೇ, ಅಲ್ಟ್ರಾಸೌಂಡ್‌ಗೆ ಇದಾವುದೂ ಬೇಡ.

ಹರ್ನಿಯಾ ಆಪರೇಷನ್ ಇದೆ, ಹಲ್ಲು ಕೀಳಿಸಬೇಕು, ಮಂಡಿನೋವಿಗೆ ಕರೆಂಟ್ ಕೊಡಿಸಬೇಕು. ಯಾವುದಕ್ಕೆ ಏನು?

ಆಪರೇಷನ್‌ನಲ್ಲಿ ರಕ್ತ ನಿಲ್ಲಿಸಲು ಬಳಸುವ ಕಾಟರಿಯ ಕರೆಂಟನ್ನು ಪೇಸ್‌ಮೇಕರ್ ಬಡಿತ ಎಂದು ತಪ್ಪು ತಿಳಿಯಬಹುದು. ಸರ್ಜನ್‌ಗೂ ಅರಿವಳಿಕೆ ವೈದ್ಯರಿಗೂ ಮೊದಲೇ ಕಾರ್ಡ್ ತೋರಿಸಿ. ಅವರು ಕರೆಂಟ್ ಎರಡು ತುದಿಗಳ ನಡುವೆಯೇ ಹರಿಯುವ ಬೈಪೋಲಾರ್ ಕಾಟರಿ ಬಳಸುತ್ತಾರೆ, ಇಲ್ಲವೇ ಐದು ಸೆಕೆಂಡಿಗಿಂತ ಕಡಿಮೆ ಹೊತ್ತು ತಡೆತಡೆದು ಬಳಸಿ, ಪ್ಯಾಡನ್ನು ಕರೆಂಟಿನ ದಾರಿ ಎದೆ ಹಾಯದಂತೆ ತೊಡೆಗೆ ಅಂಟಿಸುತ್ತಾರೆ. ಹೊಕ್ಕುಳಿನಿಂದ ಮೇಲಿನ ಆಪರೇಷನ್ ಆದರೆ ಪೆಟ್ಟಿಗೆಯ ಮೇಲೆ ಆಯಸ್ಕಾಂತ ಇಡುವುದೋ ಸೆಟಿಂಗ್ ಬದಲಿಸುವುದೋ ಮಾಡುತ್ತಾರೆ. ಆಯಸ್ಕಾಂತ ಇಟ್ಟಷ್ಟು ಹೊತ್ತು ಹೆಚ್ಚಿನ ಪೇಸ್‌ಮೇಕರ್‌ಗಳು ಏನನ್ನೂ ಗಮನಿಸದೆ ನಿಗದಿತ ವೇಗದಲ್ಲಿ ಮಿಡಿಯುತ್ತವೆ. ಐಸಿಡಿಯಲ್ಲಿ ಹಾಗಲ್ಲ, ಅಲ್ಲಿ ಆಯಸ್ಕಾಂತ ಶಾಕ್ ನಿಲ್ಲಿಸುತ್ತದೆ ಅಷ್ಟೇ. ಈ ಎರಡನ್ನು ಕಲಸಿಕೊಂಡರೆ ಅಪಾಯ, ಅದಕ್ಕೇ ಕಾರ್ಡ್ ಬೇಕು.

ಹಲ್ಲು ಕೀಳಿಸಲು ಪೇಸ್‌ಮೇಕರ್ ಒಂದೇ ಕಾರಣಕ್ಕೆ ಮುಂಚಿತ ಆ್ಯಂಟಿಬಯೋಟಿಕ್ ಬೇಕಿಲ್ಲ. ಕೃತಕ ಕವಾಟ ಇದ್ದವರ ನಿಯಮ ಬೇರೆ. ಫಿಸಿಯೋಥೆರಪಿಯ ಶಾರ್ಟ್‌ವೇವ್ ಡಯಾಥರ್ಮಿ ಮಂಡಿಗೂ ಬೇಡ, ಲೀಡ್ ತುದಿ ಬಿಸಿಯಾಗಿ ಹೃದಯದ ಸ್ನಾಯು ಸುಡಬಹುದು. ನೋವಿಗೆಂದು ಚರ್ಮದ ಮೇಲಿಂದ ಕೊಡುವ ಟೆನ್ಸ್, ಐಎಫ್‌ಟಿ ಕರೆಂಟ್‌ಗಳನ್ನೂ ಹೃದಯವೈದ್ಯರನ್ನು ಕೇಳದೆ ಕೊಡಿಸಬೇಡಿ. ವ್ಯಾಯಾಮ, ಬಿಸಿ ಶಾಖಕ್ಕೆ ಅಡ್ಡಿಯಿಲ್ಲ.

ಅಮ್ಮನಿಗೆ ಎದೆ ಉರಿ ಅಂತ ಇಸಿಜಿ ಮಾಡಿಸಿದರೆ ಮೆಷಿನ್ ಹಾರ್ಟ್ ಅಟ್ಯಾಕ್ ಅಂತ ಪ್ರಿಂಟ್ ಮಾಡಿತು!

ಬಲಭಾಗದ ಕೆಳಕೋಣೆಯಿಂದ ಮಿಡಿತ ಶುರುವಾದಾಗ ಇಸಿಜಿಯ ಗೆರೆ ಅಗಲವಾಗಿ, ಎಡಭಾಗಕ್ಕೆ ವಿದ್ಯುತ್ ಒಯ್ಯುವ ಕವಲು ಕಟ್ಟಿದಂತೆ (ಎಡ ಬಂಡಲ್ ಬ್ಲಾಕ್) ಬೀಳುತ್ತದೆ. ಮಿಡಿತದ ಸಣ್ಣ ಮೊಳೆಯಂಥ ಗುರುತು ಈಗಿನ ಬೈಪೋಲಾರ್ ಲೀಡ್‌ಗಳಲ್ಲಿ ಕಾಣುವುದೇ ಕಷ್ಟ. ಯಂತ್ರ ಅದನ್ನು ಗುರುತಿಸದೆ ಹಳೆಯ ಹೃದಯಾಘಾತ ಎಂದು ಬರೆಯುತ್ತದೆ. ಇದರ ಇನ್ನೊಂದು ಮುಖವೇ ಹೆಚ್ಚು ಅಪಾಯದ್ದು: ನಿಜವಾದ ಹೃದಯಾಘಾತವೂ ಈ ಇಸಿಜಿಯಲ್ಲಿ ಅಡಗಿಬಿಡಬಹುದು. ಆದ್ದರಿಂದ ಪೇಸ್‌ಮೇಕರ್ ಇದೆ ಎಂದು ಹೇಳಿ, ಆರಾಮವಿದ್ದಾಗ ತೆಗೆಸಿದ ಇಸಿಜಿಯ ಫೋಟೋ ಮೊಬೈಲಿನಲ್ಲಿಟ್ಟುಕೊಂಡು ಹೋಲಿಸಲು ಕೊಡಿ. ಅನುಮಾನ ಉಳಿದರೆ ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ಹೇಳುವ ಟ್ರೊಪೊನಿನ್ ರಕ್ತಪರೀಕ್ಷೆ ಆಗಲೇಬೇಕು.

## ವರ್ಷಗಳು ಕಳೆದಂತೆ

ಬ್ಯಾಟರಿ ಎಷ್ಟು ವರ್ಷ? ಹೊರಗಿನಿಂದ ಚಾರ್ಜ್ ಮಾಡೋಕಾಗಲ್ವಾ?

ಸಾಮಾನ್ಯವಾಗಿ 8ರಿಂದ 12 ವರ್ಷ. ಚಾರ್ಜ್ ಆಗುವ ಪೇಸ್‌ಮೇಕರ್ ಹೊಸ ಯೋಚನೆಯೇನಲ್ಲ: 1958ರ ಅಕ್ಟೋಬರಿನಲ್ಲಿ ಸ್ಟಾಕ್‌ಹೋಮ್‌ನಲ್ಲಿ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿ ಓಕೆ ಸೆನ್ನಿಂಗ್ ಅಳವಡಿಸಿದ, ಪೂರ್ತಿ ದೇಹದೊಳಗೇ ಕೂತ ಜಗತ್ತಿನ ಮೊದಲ ಪೇಸ್‌ಮೇಕರ್ ಹೊರಗಿನಿಂದಲೇ ಚಾರ್ಜ್ ಆಗುತ್ತಿತ್ತು. ಅದು ಕೆಲವೇ ಗಂಟೆ ನಡೆಯಿತು. ಅದನ್ನು ಪಡೆದ ಆರ್ನೆ ಲಾರ್ಸನ್ ಮುಂದೆ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಿಸಿಕೊಂಡು 2001ರವರೆಗೆ ಬದುಕಿದರು. 1970ರ ದಶಕದಲ್ಲಿ ಲಿಥಿಯಂ-ಅಯೋಡಿನ್ ಬ್ಯಾಟರಿ ಬಂದ ಮೇಲೆ ಚಾರ್ಜ್ ಮಾಡುವ ಗೋಜು ಬೇಡವಾಯಿತು. ರೋಗಿ ಚಾರ್ಜ್ ಮಾಡಲು ಮರೆತರೆ ಏನು ಗತಿ ಎಂಬ ಚಿಂತೆಯೂ ಹೋಯಿತು.

ಬ್ಯಾಟರಿ ಇದ್ದಕ್ಕಿದ್ದಂತೆ ಸಾಯುವುದಿಲ್ಲ. ಬದಲಿಸುವ ಕಾಲ ಬಂತೆಂಬ ಸೂಚನೆ ಬಂದ ಮೇಲೂ ಸುಮಾರು ಮೂರು ತಿಂಗಳ ಅವಕಾಶ ಇರುತ್ತದೆ. ಬ್ಯಾಟರಿ ಪೆಟ್ಟಿಗೆಯೊಳಗೆ ಬೆಸೆದಿರುವುದರಿಂದ ಪೆಟ್ಟಿಗೆಯನ್ನೇ ಬದಲಿಸುತ್ತಾರೆ. ಲೀಡ್ ಚೆನ್ನಾಗಿದ್ದರೆ ಅದನ್ನೇ ಉಳಿಸುತ್ತಾರೆ. ಆಪರೇಷನ್ ಚಿಕ್ಕದು, ಆದರೆ ಹಳೆಯ ಗಾಯ ಮತ್ತೆ ತೆರೆಯುವುದರಿಂದ ಸೋಂಕಿನ ಸಂಭವ ಮೊದಲ ಸಲಕ್ಕಿಂತ ಹೆಚ್ಚು.

ಏನೂ ತೊಂದರೆ ಇಲ್ಲ. ಆದರೂ ಚೆಕಪ್‌ಗೆ ಹೋಗಬೇಕಾ?

ಹೋಗಬೇಕು, ಅದರಲ್ಲೂ ಮೂರನೇ ತಿಂಗಳಿನದು ತಪ್ಪಿಸಲೇಬಾರದು. ಹೊಸದಾಗಿ ಹಾಕಿದಾಗ ಗಾಯದ ಬಾವು ಲೆಕ್ಕಹಾಕಿ ವೋಲ್ಟೇಜನ್ನು 3.5ರ ಸುಮಾರು ಇಡುತ್ತಾರೆ. ಮೂರು ತಿಂಗಳಿಗೆ 0.8 ವೋಲ್ಟಿನಲ್ಲೇ ಹೃದಯ ಬಡಿಯುತ್ತಿದೆ ಎಂದು ಕಂಡರೆ ಅದರ ಎರಡರಷ್ಟಕ್ಕೋ ತುಸು ಹೆಚ್ಚಿಗೋ ಇಳಿಸುತ್ತಾರೆ. ಶಕ್ತಿಯ ಖರ್ಚು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಈ ಒಂದು ಭೇಟಿಯಲ್ಲೇ ಬ್ಯಾಟರಿಗೆ ವರ್ಷಗಳು ಸೇರುತ್ತವೆ. ಕೆಲವು ಹೊಸ ಮಾಡೆಲ್‌ಗಳು ಇದನ್ನು ತಾವೇ ಮಾಡಿಕೊಳ್ಳುತ್ತವೆ. ಆಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ, ಬ್ಯಾಟರಿ ಮುಗಿಯುವ ಹೊತ್ತಿಗೆ ಮೂರು ತಿಂಗಳಿಗೊಮ್ಮೆ.

ಫೈಲಿನಲ್ಲಿ ಬರೆಸಿಕೊಳ್ಳಬೇಕಾದ್ದು: ಬ್ಯಾಟರಿ ಉಳಿದ ಅವಧಿ, ಪ್ರತಿ ಲೀಡಿನ ಥ್ರೆಶೋಲ್ಡ್ (ಹೃದಯ ಬಡಿಯಲು ಸಾಕಾಗುವ ಕನಿಷ್ಠ ವೋಲ್ಟೇಜ್) ಮತ್ತು ಇಂಪೀಡೆನ್ಸ್ (ಕರೆಂಟಿಗೆ ಲೀಡಿನಲ್ಲಿರುವ ತಡೆ), ಶೇಕಡಾ ಎಷ್ಟು ಬಡಿತ ಪೇಸ್‌ಮೇಕರ್‌ನದು, ಮೇಲಿನ ಕೋಣೆಯಲ್ಲಿ ವೇಗದ ಬಡಿತ ದಾಖಲಾಗಿದೆಯೇ. ಕೊನೆಯದು ಮುಖ್ಯ. ರೋಗಿಗೆ ಗೊತ್ತೇ ಆಗದ ಏಟ್ರಿಯಲ್ ಫಿಬ್ರಿಲೇಷನ್ ಅಲ್ಲಿ ಸಿಕ್ಕಿಬೀಳುತ್ತದೆ, ಲಕ್ವ ತಡೆಯಲು ರಕ್ತ ತೆಳು ಮಾಡುವ ಮಾತ್ರೆ ಬೇಕೇ ಎಂದು ಆಗ ತೀರ್ಮಾನಿಸಬಹುದು.

ಇಂಪೀಡೆನ್ಸ್ ಜಾಸ್ತಿಯಾಗಿದೆ, ವೈರ್ ಕೆಟ್ಟಿರಬಹುದು ಅಂದರು. ಹೇಗೆ ಕೆಡುತ್ತೆ? ಎಳೆದು ತೆಗೀತಾರಾ?

ಸಾಮಾನ್ಯವಾಗಿ ಇಂಪೀಡೆನ್ಸ್ ಕೆಲವು ನೂರು ಓಮ್‌ಗಳಲ್ಲಿ ಸ್ಥಿರವಾಗಿರುತ್ತದೆ. ಸಾವಿರಾರಕ್ಕೆ ಹಾರಿದರೆ ಒಳಗಿನ ತಂತಿ ಮುರಿದಿದೆ, ಇಲ್ಲವೇ ಪೆಟ್ಟಿಗೆಗೆ ಕೂರಿಸುವ ಸ್ಕ್ರೂ ಸಡಿಲಿದೆ. 200ಕ್ಕಿಂತ ಕೆಳಗೆ ಬಿದ್ದರೆ ಹೊದಿಕೆ ಹರಿದಿದೆ. ಒಂದು ಸಲದ ಸಂಖ್ಯೆಗಿಂತ ಹಳೆಯ ಸಂಖ್ಯೆಗಳ ಜೊತೆ ಹೋಲಿಕೆಯೇ ಹೆಚ್ಚು ಹೇಳುತ್ತದೆ. ಕಾಲರ್ ಬೋನ್ ಮತ್ತು ಮೊದಲ ಪಕ್ಕೆಲುಬಿನ ನಡುವೆ ಹಾದ ಲೀಡ್ ಕೈಯಾಡಿಸಿದಂತೆಲ್ಲ ಜಜ್ಜಿ ಅಲ್ಲೇ ಮುರಿಯುವುದುಂಟು. ಇನ್ನು ಕೆಲವರು ಪೆಟ್ಟಿಗೆಯನ್ನು ಚರ್ಮದ ಕೆಳಗೆ ಬೆರಳಿನಿಂದ ಹೊರಳಿಸುತ್ತಾ ಕೂರುತ್ತಾರೆ. ಲೀಡ್ ಸುತ್ತಿಕೊಂಡು ಹೃದಯದಿಂದ ಹೊರಗೇ ಬರುತ್ತದೆ.

ಸೋಂಕಿಲ್ಲದಿದ್ದರೆ ಹಳೆಯ ಲೀಡನ್ನು ಒಳಗೇ ಬಿಟ್ಟು ಪಕ್ಕದಲ್ಲಿ ಹೊಸದು ಹಾಕಬಹುದು. ಸೋಂಕಿದ್ದರೆ ಆ ಆಯ್ಕೆ ಇಲ್ಲ. ವರ್ಷಗಳ ನಂತರ ಪೆಟ್ಟಿಗೆಯ ಮೇಲೆ ಚರ್ಮ ಕೆಂಪಾಗಿ ತೆಳುವಾದರೂ, ಲೋಹದ ಅಂಚು ಕಂಡರೂ ಪೂರ್ತಿ ವ್ಯವಸ್ಥೆಗೇ ಸೋಂಕು ತಗುಲಿದೆ ಎಂದೇ ಲೆಕ್ಕ. ಮಾತ್ರೆ ನುಂಗಿ ಮುಂದೂಡಿದರೆ ಸೋಂಕು ಲೀಡಿನ ಗುಂಟ ಹೃದಯಕ್ಕೆ ಇಳಿಯುತ್ತದೆ. ಪೆಟ್ಟಿಗೆ, ಲೀಡ್ ಎಲ್ಲ ತೆಗೆದು, ಸೋಂಕು ವಾಸಿಯಾದ ಮೇಲೆ ಇನ್ನೊಂದು ಬದಿಗೆ ಹೊಸದು ಹಾಕಬೇಕು. ವರ್ಷ ದಾಟಿದ ಲೀಡ್ ರಕ್ತನಾಳಕ್ಕೆ ಅಂಟಿರುವುದರಿಂದ ವಿಶೇಷ ಕೊಳವೆಯನ್ನೋ ಲೇಸರನ್ನೋ ಬಳಸಿ ಬಿಡಿಸುತ್ತಾರೆ. ಹೃದಯ ಶಸ್ತ್ರಚಿಕಿತ್ಸಕರು ಸಿದ್ಧವಿರುವ ಆಸ್ಪತ್ರೆಯಲ್ಲಿ ಮಾತ್ರ ಇದನ್ನು ಮಾಡಿಸಿ.

ಪೇಸ್‌ಮೇಕರ್ ಹಾಕಿದ ಮೇಲೆ ಹೃದಯದ ಪಂಪಿಂಗ್ ಶೇ. 60ರಿಂದ 40ಕ್ಕೆ ಇಳಿದಿದೆ. ಅದರಿಂದಲೇನಾ?

ಆಗಿರಬಹುದು. ಬಲಭಾಗದಿಂದ ಮಿಡಿತ ಶುರುವಾದರೆ ಎಡಭಾಗದ ಗೋಡೆಗಳು ಒಟ್ಟಿಗೆ ಹಿಂಡುವುದಿಲ್ಲ. ಬಡಿತಗಳಲ್ಲಿ ಶೇ. 20ಕ್ಕಿಂತ ಹೆಚ್ಚು ಪೇಸ್‌ಮೇಕರ್‌ನದೇ ಆದಾಗ ಕೆಲವರ ಪಂಪಿಂಗ್ ಕುಗ್ಗುತ್ತದೆ. ಮೊದಲು ಆಂಜಿಯೋಗ್ರಾಮ್‌ನಂಥ ಪರೀಕ್ಷೆಗಳಿಂದ ಬೇರೆ ಕಾರಣ ತಳ್ಳಿಹಾಕಬೇಕು. ಆಮೇಲಿನ ದಾರಿ ಎರಡು: ಎಡಭಾಗಕ್ಕೂ ಒಂದು ಲೀಡ್ ಸೇರಿಸುವ ಸಿಆರ್‌ಟಿ, ಅಥವಾ ಹೃದಯದ ಸ್ವಂತ ವಿದ್ಯುತ್ ದಾರಿಯಲ್ಲೇ, ಎಡ ಬಂಡಲ್ ಬಳಿ, ಲೀಡ್ ಕೂರಿಸುವುದು. ಈ ಎರಡನೆಯದನ್ನು ಈಗ ಹಲವೆಡೆ ಮೊದಲ ಸಲಕ್ಕೇ ಮಾಡುತ್ತಾರೆ. ಕಂಪ್ಲೀಟ್ ಬ್ಲಾಕ್ ಇದ್ದು ಪ್ರತಿ ಬಡಿತಕ್ಕೂ ಪೇಸ್‌ಮೇಕರ್ ಬೇಕಾದವರು ಇದರ ಬಗ್ಗೆ ಕೇಳಿಯೇ ಮುಂದುವರಿಯಿರಿ.

ವೈರೇ ಇಲ್ಲದ ಪೇಸ್‌ಮೇಕರ್ ಬಂದಿದೆಯಂತೆ?

ಬಂದಿದೆ. ಎರಡೂವರೆ ಸೆಂಟಿಮೀಟರ್ ಉದ್ದ, ಎರಡು ಗ್ರಾಂ ಸುಮಾರಿನ ಕ್ಯಾಪ್ಸೂಲನ್ನು ತೊಡೆಯ ರಕ್ತನಾಳದ ಮೂಲಕ ಒಯ್ದು ಬಲ ಕೆಳಕೋಣೆಯೊಳಗೆ ಬಿಡುತ್ತಾರೆ. ಎದೆಯಲ್ಲಿ ಗಾಯವಿಲ್ಲ, ವೈರಿನ ಗೋಳಿಲ್ಲ. ಡಯಾಲಿಸಿಸ್‌ನಲ್ಲಿರುವವರಿಗೆ, ಒಮ್ಮೆ ಸೋಂಕು ಕಂಡವರಿಗೆ ಒಳ್ಳೆಯ ಆಯ್ಕೆ. ಬೆಲೆ ಬಹಳ ಹೆಚ್ಚು. ಬ್ಯಾಟರಿ ಮುಗಿದ ಮೇಲೆ ಹಳೆಯದನ್ನು ಸಾಮಾನ್ಯವಾಗಿ ಅಲ್ಲೇ ಬಿಟ್ಟು ಪಕ್ಕದಲ್ಲಿ ಇನ್ನೊಂದು ಇಡಬೇಕಾಗುವುದರಿಂದ ಚಿಕ್ಕ ವಯಸ್ಸಿನವರಿಗೆ ಯೋಚಿಸಿ ಹಾಕಬೇಕು.

ನನ್ನ ಮಾಡೆಲ್ ರೀಕಾಲ್ ಆಗಿದೆ ಅಂತ ಸುದ್ದಿ ನೋಡಿದೆ. ತೆಗೆಸಿಬಿಡಲಾ?

ರೀಕಾಲ್ ಎಂದರೆ ತೆಗೆಯಬೇಕೆಂದಲ್ಲ. 2017ರಲ್ಲಿ ಅಮೆರಿಕದಲ್ಲಿ ಹ್ಯಾಕ್ ಆಗಬಹುದೆಂಬ ಕಾರಣಕ್ಕೆ ಸುಮಾರು 4,65,000 ಪೇಸ್‌ಮೇಕರ್‌ಗಳ ರೀಕಾಲ್ ಆಯಿತು. ಪರಿಹಾರ ಆಸ್ಪತ್ರೆಯಲ್ಲಿ ಮೂರು ನಿಮಿಷದ ಸಾಫ್ಟ್‌ವೇರ್ ಅಪ್‌ಡೇಟ್. ಕಾರ್ಡಿನ ಸೀರಿಯಲ್ ನಂಬರ್ ಆ ಪಟ್ಟಿಯಲ್ಲಿದೆಯೇ ಎಂದು ಹಾಕಿದ ಆಸ್ಪತ್ರೆಯಲ್ಲಿ ನೋಡಿಸಿ. ನಿಮ್ಮ ಸಾಧನದಿಂದಲೇ ತೊಂದರೆಯಾಗಿದ್ದರೆ ದೂರು ದಾಖಲಿಸಲು ವೈದ್ಯಕೀಯ ಸಾಧನಗಳ ತೊಂದರೆಗಳನ್ನು ದಾಖಲಿಸಲು ಭಾರತದಲ್ಲಿ 2015ರಲ್ಲಿ ಶುರುವಾದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಇದೆ, ವೈದ್ಯರ ಮೂಲಕ ವರದಿ ಕಳಿಸಬಹುದು.

ಪೇಸ್‌ಮೇಕರ್ ಇದ್ದವರ ಪ್ರಾಣ ಹೋಗೋದೇ ಕಷ್ಟವಂತೆ, ನಿಜವಾ? ಸುಡೋ ಮೊದಲು ತೆಗೆಸಬೇಕಾ? ತೆಗೆದದ್ದನ್ನ ಬೇರೆಯವರಿಗೆ ಕೊಡಬಹುದಾ?

ಮೊದಲನೆಯದು ನಿಜವಲ್ಲ. ಸಾಯುವ ಹೊತ್ತಿಗೆ ಆಮ್ಲಜನಕವಿಲ್ಲದ ಸ್ನಾಯು ಮಿಡಿತಕ್ಕೆ ಓಗೊಡುವುದಿಲ್ಲ. ಮಾನಿಟರ್ ಪರದೆಯ ಮೇಲೆ ಮಿಡಿತದ ಗುರುತು ಬೀಳುತ್ತಲೇ ಇರಬಹುದು, ಅದನ್ನು ನೋಡಿ ಜೀವ ಇದೆ ಎಂದು ಮನೆಯವರು ಗಲಿಬಿಲಿಗೊಳ್ಳುತ್ತಾರೆ. ಐಸಿಡಿ ಇದ್ದವರಲ್ಲಿ ಮಾತ್ರ ಕೊನೆಯ ಗಳಿಗೆಯಲ್ಲಿ ಶಾಕ್ ಹೊಡೆಯಬಹುದು, ಅದನ್ನು ಮೊದಲೇ ಆಫ್ ಮಾಡಿಸಬೇಕು.

ಸುಡುವ ಮೊದಲು ತೆಗೆಸಲೇಬೇಕು. ಕಾವಿಗೆ ಬ್ಯಾಟರಿಯೊಳಗಿನ ಅಯೋಡಿನ್ ಅನಿಲವಾಗಿ ಪೆಟ್ಟಿಗೆ ಸಿಡಿಯುತ್ತದೆ. ಬ್ರಿಟನ್ನಿನಲ್ಲಿ 1976ರಲ್ಲೇ ಇಂಥ ಸ್ಫೋಟ ದಾಖಲಾಗಿದೆ. ವಿದ್ಯುತ್ ಚಿತಾಗಾರದ ಒಳಗೋಡೆ ಬಿರುಕು ಬಿಡಬಹುದು, ಕಟ್ಟಿಗೆಯ ಚಿತೆಯಲ್ಲಿ ಹತ್ತಿರ ನಿಂತವರಿಗೇ ಅಪಾಯ. ಆಸ್ಪತ್ರೆಯಲ್ಲಿ ತೀರಿಕೊಂಡರೆ ದೇಹ ಒಪ್ಪಿಸುವ ಮುನ್ನವೇ ತೆಗೆಯಲು ಹೇಳಿ. ಮನೆಯಲ್ಲಾದರೆ ಹತ್ತಿರದ ವೈದ್ಯರು ಹಳೆಯ ಗಾಯದ ಮೇಲೇ ಚಿಕ್ಕದಾಗಿ ಕೊಯ್ದು, ಲೀಡ್ ಕತ್ತರಿಸಿ, ಪೆಟ್ಟಿಗೆ ತೆಗೆದು ಹೊಲಿಯಬಹುದು. ಹತ್ತು ನಿಮಿಷದ ಕೆಲಸ. ಐಸಿಡಿ ಆದರೆ ಆಫ್ ಮಾಡದೆ ಮುಟ್ಟಬಾರದು, ಲೀಡ್ ಕತ್ತರಿಸುವವರಿಗೇ ಶಾಕ್ ಹೊಡೆದೀತು. ವೈರ್ ಇಲ್ಲದ ಕ್ಯಾಪ್ಸೂಲ್ ಹೃದಯದೊಳಗೇ ಇರುವುದರಿಂದ ಅದಿದ್ದರೆ ಚಿತಾಗಾರದವರಿಗೆ ತಿಳಿಸಿ. ಹೂಳುವ ಪದ್ಧತಿಯವರು ಪೇಸ್‌ಮೇಕರ್ ತೆಗೆಸಬೇಕೆಂದಿಲ್ಲ.

ಬೇರೆಯವರಿಗೆ ನೇರವಾಗಿ ಕೊಡುವ ಹಾಗಿಲ್ಲ, ಒಂದೇ ಸಲದ ಬಳಕೆಗೆಂದು ಪರವಾನಗಿ ಪಡೆದ ವಸ್ತು ಅದು. ಮನೆಗೂ ತರಬೇಡಿ, ಕಸಕ್ಕೂ ಹಾಕಬೇಡಿ. ಆಸ್ಪತ್ರೆಗೆ ಕೊಟ್ಟು ಕಾರ್ಡಿನ ಮೇಲೆ ತೆಗೆದ ದಿನಾಂಕ ಬರೆಸಿ. ಸಾವಿಗೆ ಸಾಧನವೇ ಕಾರಣವೆಂಬ ಅನುಮಾನವಿದ್ದರೆ ಮಾತ್ರ ಅದನ್ನು ಪ್ರೋಗ್ರಾಮರ್‌ನಲ್ಲಿ ಓದಿಸದೆ ಬಿಡಬೇಡಿ, ಕೊನೆಯ ಬಡಿತಗಳ ದಾಖಲೆ ಬಹಳಷ್ಟು ಮಾಡೆಲ್‌ಗಳಲ್ಲಿ ಉಳಿದಿರುತ್ತದೆ.